ಮಣಿಕಟ್ಟಿನ ಪಟ್ಟಿ

ಹಗ್ಗ ಬೇಡವೆಂದು ತೀರ್ಮಾನಿಸಿದ ಮರುಕ್ಷಣವೇ ಅವನಿಗೆ ಹಗ್ಗವೇ ಸರಿಯೇನೋ ಅನ್ನಿಸಿತು. ಫೋನಿನ ಪರದೆಯ ಮೇಲೆ ಹದಿನಾಲ್ಕು ಬಗೆಯ ಹಿಡಿಕೆಗಳು ಸಾಲಾಗಿ ನಿಂತಿದ್ದವು. ನೇರ ಸರಳು, ಬಾಗಿದ ಸರಳು, ಒಂಟಿ ಕೈಯದು, ಜೋಡಿ ಕೈಯದು, ತುದಿಗೆ ರಬ್ಬರ್ ಗುಂಡು ಹಾಕಿದ ಹಗ್ಗ. ಎಲ್ಲವೂ ಒಂದೇ ಕೊಕ್ಕೆಗೆ ಸಿಕ್ಕಿಸುವಂಥವು. ಅವನು ತೂಕ ಎತ್ತುವ ಪವರ್ ರ‍್ಯಾಕಿನ ಮೇಲ್ಗಡೆಯ ಅಡ್ಡಕಂಬಿಗೆ ಪುಲ್ಲಿ ಹಾಕಿಸಿ ಆಗಲೇ ಮೂರು ವಾರವಾಗಿತ್ತು. ಕೇಬಲ್ಲಿನ ಒಂದು ತುದಿಗೆ ತೂಕದ ಬಿಲ್ಲೆಗಳು ಬಂದಿದ್ದವು. ಇನ್ನೊಂದು ತುದಿಯಲ್ಲಿ ಕೊಕ್ಕೆ ಖಾಲಿಯಾಗಿ ತೂಗುತ್ತಿತ್ತು.

ಬಾಗಿಲಲ್ಲಿ ಹೆಂಡತಿ ಬಂದು ನಿಂತಳು. ಎಡಗೈಯಿಂದ ತನ್ನ ಬಲಗೈಯನ್ನು, ಯಾರದೋ ಮನೆಯ ಮಗುವನ್ನು ಎತ್ತಿಕೊಂಡ ಹಾಗೆ, ಎದೆಗೆ ಆನಿಸಿಕೊಂಡಿದ್ದಳು.

"ಅಕ್ಕ ನಾಳೆ ಬೆಳಿಗ್ಗೆ ಕಾರು ತರ್ತಾಳಂತೆ."

"ಹೂಂ."

"ಅವಳ ಮನೆಗೆ ಹೋಗ್ಲಾ, ಬೇಡ್ವಾ?"

"ನಿನ್ನಿಷ್ಟ."

"ನನ್ನಿಷ್ಟ ನಂಗೆ ಗೊತ್ತು ರೀ. ನಿಮ್ಮದು ಏನು ಅಂತ ಕೇಳ್ತಿದೀನಿ. ಸಂಜೆಯೊಳಗೆ ಹೇಳಿ."

ಅವನು ಫೋನನ್ನು ಅವಳತ್ತ ತಿರುಗಿಸಿದ. "ಇದರಲ್ಲಿ ಯಾವುದು ನಿಂಗೆ ಅನುಕೂಲ, ನೋಡು."

ಅವಳು ಬಗ್ಗಿ ನೋಡಿದಳು. ಹದಿನಾಲ್ಕನ್ನೂ ನೋಡಿದಳು. "ನಿಮ್ಮ ಪಂಜರಕ್ಕೆ ಏನು ಬೇಕು ಅಂತ ನಿಮಗೇ ಗೊತ್ತಿರುತ್ತೆ" ಎಂದು ಹೇಳಿ ಒಳಗೆ ಹೋದಳು.

ಅವಳು ಆ ರ‍್ಯಾಕನ್ನು ಮೊದಲಿನಿಂದಲೂ ಪಂಜರವೆಂದೇ ಕರೆಯುತ್ತಿದ್ದಳು. ನಾಲ್ಕು ಕಬ್ಬಿಣದ ಕಂಬಗಳ ನಡುವೆ ನಿಂತು ಅವನು ಬೆಳಗಿನ ಹೊತ್ತು ತೂಕ ಎತ್ತುತ್ತಿದ್ದ. ಎತ್ತಿದ್ದನ್ನು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆಯುತ್ತಿದ್ದ. ಅವಳು ಶಾಲೆಗೆ ಹೊರಡುವ ಮುಂಚೆ ಇಣುಕಿ, "ಇವತ್ತು ಪ್ರಾಣಿ ಮೇವು ತಿಂತಾ?" ಎಂದು ಕೇಳಿ ನಗುತ್ತಿದ್ದಳು. ಆರು ತಿಂಗಳ ಹಿಂದೆ, ಏಳನೇ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದಾಗ, ಅವಳ ಕೈಯಿಂದ ಸೀಮೆಸುಣ್ಣ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಏಳಲಿಲ್ಲ. ಕಾಲು ಎರಡು ತಿಂಗಳಿಗೆ ಎಳೆದುಕೊಂಡು ನಡೆಯುವಷ್ಟು ಸರಿಹೋಯಿತು, ಮಾತು ಒಂದೇ ವಾರಕ್ಕೆ. ಬಲಗೈ ಮಾತ್ರ ಬಿದ್ದಲ್ಲೇ ಉಳಿಯಿತು.

ಎತ್ತರದಲ್ಲೊಂದು ಪುಲ್ಲಿ ಕಟ್ಟಿ, ಕೈಯನ್ನು ಮೇಲೆತ್ತಿ, ಮೂವತ್ತು ಎಣಿಸಿ ಇಳಿಸಿ ಎಂದು ಫಿಸಿಯೋಥೆರಪಿಯವಳು ಹೇಳಿದ್ದಳು. ಮೂವತ್ತಕ್ಕಿಂತ ಹೆಚ್ಚು ಬೇಡ, ಭುಜದ ಕೀಲು ಸಡಿಲ ಇದೆ ಎಂದೂ ಹೇಳಿದ್ದಳು. ಗೋಡೆಗೊಂದು ಮೊಳೆ, ಒಂದು ದಾರ ಸಾಕಾಗುತ್ತಿತ್ತು. ಅವನು ಯಾವುದನ್ನೂ ಸಾಕು ಎನ್ನುವ ಜಾತಿಯವನಲ್ಲ. ಪುಲ್ಲಿಯ ಬೇರಿಂಗು, ಕೇಬಲ್ಲಿನ ದಪ್ಪ, ಕೊಂಡವರ ದೂರು, ಮೆಚ್ಚುಗೆ ಎಲ್ಲವನ್ನೂ ಓದಿದ. ಮೀನಮೇಷ ಎಣಿಸುವುದರಲ್ಲೇ ನಾಲ್ಕು ತಿಂಗಳು ಕಳೆಯಿತು.

ಅಷ್ಟರಲ್ಲಿ ಅವನು ಸುಮ್ಮನಂತೂ ಕೂತಿರಲಿಲ್ಲ. ಪ್ರತಿ ಭಾನುವಾರ ಆಫೀಸಿನ ಹಿಡಿತಮಾಪಕವನ್ನು ಮನೆಗೆ ತಂದು ಅವಳ ಅಂಗೈಯಲ್ಲಿ ಇಡುತ್ತಿದ್ದ. ಹಿಸುಕು ಎನ್ನುತ್ತಿದ್ದ. ಮುಳ್ಳು ತೋರಿಸಿದ್ದನ್ನು ನೀಲಿ ಪುಸ್ತಕದಲ್ಲಿ, ತಾನು ಎತ್ತಿದ ತೂಕಗಳ ಎದುರು ಪುಟದಲ್ಲಿ, ಬರೆಯುತ್ತಿದ್ದ. ಮೂರು ಕೆಜಿ. ಮೂರೂವರೆ. ಮೂರು. ಹೋದ ಭಾನುವಾರ ಇಪ್ಪತ್ತಾರನೇ ವಾರ. ಎರಡೂಮುಕ್ಕಾಲು ಎಂದು ಬರೆದು, ಅದರ ಕೆಳಗೆ ಕೈ ತಾನಾಗಿಯೇ ಇನ್ನೊಂದು ಸಾಲು ಬರೆಯಿತು: ಇನ್ನು ಸುಧಾರಣೆಯ ನಿರೀಕ್ಷೆಯಿಲ್ಲ. ಕೆಳಗೆ ತಾರೀಖು, ಚಿಕ್ಕ ಸಹಿ.

ಅದು ಅವನ ಆಫೀಸಿನ ಸಾಲು. ದಿನಕ್ಕೆ ಏಳೆಂಟು ಸಲ ಬರೆಯುವ ಸಾಲು. ಬರೆದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಮಂಗಳವಾರ ಪುಸ್ತಕ ತೆರೆದಾಗ ಆ ಹಾಳೆ ಇರಲಿಲ್ಲ. ಹರಿದ ಅಂಚು ಮಾತ್ರ ಉಳಿದಿತ್ತು. ಎಡಗೈಯಲ್ಲಿ ಹರಿದದ್ದು, ಸೊಟ್ಟಗಿತ್ತು. ಅವತ್ತೇ ಅವಳು ಅಕ್ಕನಿಗೆ ಫೋನ್ ಮಾಡಿದಳು.

ಆಫೀಸಿನಲ್ಲಿ ಅವನಿಗೆ ತಕ್ಕಡಿ ಎಂಬ ಹೆಸರಿತ್ತು. ಬೆನ್ನ ಹಿಂದೆ ಇಟ್ಟದ್ದು, ಈಗ ಎದುರಿಗೇ ಕರೆಯುತ್ತಿದ್ದರು. ಕೆಲಸದಲ್ಲಿ ಗಾಯವಾದವರಿಗೆ ಎಷ್ಟು ನಷ್ಟವಾಗಿದೆ ಎಂದು ಶೇಕಡಾ ಲೆಕ್ಕದಲ್ಲಿ ಹೇಳುವುದು ಅವನ ಕೆಲಸ. ಹೆಬ್ಬೆರಳಿಗೆ ಇಷ್ಟು, ಕಿರುಬೆರಳಿಗೆ ಇಷ್ಟು ಎಂದು ಒಂದು ಕೋಷ್ಟಕವಿತ್ತು. ಆರು ತಿಂಗಳು ನೋಡುವುದು, ಆಮೇಲೆ ಆ ಸಾಲು ಬರೆದು ಫೈಲು ಮುಚ್ಚುವುದು. ಏಳನೇ ತಿಂಗಳಲ್ಲಿ ಬೆರಳು ಆಡಿದರೆ ಅದು ಬೆರಳಿನ ತಪ್ಪು.

ಇವತ್ತು ಒಬ್ಬ ಬಡಗಿಯ ಆರನೇ ತಿಂಗಳು. ಅವನ ಮೂರು ಬೆರಳುಗಳ ನರ ಗರಗಸಕ್ಕೆ ಸಿಕ್ಕಿತ್ತು. ಬಡಗಿ ಹಿಡಿತಮಾಪಕವನ್ನು ಹಿಸುಕಿದ. ಕುತ್ತಿಗೆಯ ನರ ಉಬ್ಬಿ ಬಂತು. ಮುಳ್ಳು ಆರಕ್ಕೆ ಹೋಗಿ ನಿಂತಿತು.

"ಹೋದ ತಿಂಗಳು ಐದೂವರೆ ಇತ್ತು ಸಾರ್. ಬರ್ತಾ ಇದೆ."

"ಹೂಂ."

"ಇನ್ನೊಂದು ತಿಂಗಳು ನೋಡೋಣ ಸಾರ್. ಈಗ್ಲೇ ಮುಚ್ಚಬೇಡಿ."

"ನಾನು ಮುಚ್ಚೋದಲ್ಲ. ನಿಯಮ."

"ಇನ್ನು ಸರಿಹೋಗಲ್ಲ ಅಂತ ಬರೀತೀರಲ್ಲ. ಅದು ಯಾರಿಗೆ ಗೊತ್ತು ಸಾರ್?"

ಅವನು ಕೋಷ್ಟಕದ ಕಡೆ ಬೆರಳು ತೋರಿಸಿದ. ಬಡಗಿ ಅದನ್ನು ಗೌರವದಿಂದಲೇ ನೋಡಿದ. ಆಮೇಲೆ ಚೀಲದಿಂದ ಒಂದು ಚರ್ಮದ ಪಟ್ಟಿ ತೆಗೆದು ಮಣಿಕಟ್ಟಿಗೆ ಸುತ್ತಿಕೊಂಡ. ಅದರ ಕುಣಿಕೆಗೆ ಮೇಜಿನ ಮೇಲಿದ್ದ ರೂಲುದೊಣ್ಣೆ ಸಿಕ್ಕಿಸಿ, ಗಾಳಿಯಲ್ಲಿ ಎರಡು ಸಲ ಬಡಿದು ತೋರಿಸಿದ.

"ಸುತ್ತಿಗೆನ ಹೀಗೆ ಕಟ್ಕೋತೀನಿ. ಹಿಡ್ಕೊಳ್ಳೋಕೆ ಆಗದವನಿಗೆ ಹಿಡಿ ಕೊಟ್ಟು ಏನು ಮಾಡೋದು ಸಾರ್? ಕಟ್ಟಿಕೊಂಡ್ರೆ ಆಯ್ತು."

ಅವನು ಪೆನ್ನು ಹಿಡಿದು ಹಾಗೇ ಕೂತ. ಹದಿನಾಲ್ಕು ಹಿಡಿಕೆಗಳು ಕಣ್ಣ ಮುಂದೆ ಬಂದವು. ಹದಿನಾಲ್ಕೂ ಹಿಡಿಯಲು ಬರುವವರಿಗೆ. ಬೆಳಿಗ್ಗೆ ಅವಳು ಒಂದೊಂದನ್ನೂ ನೋಡಿದ್ದು ನೆನಪಾಯಿತು. ಅವನಿಗೆ ನಾಚಿಕೆಯಾಯಿತು. ನಾಚಿಕೆ ಆದದ್ದರಿಂದಲೋ ಏನೋ, ಬಡಗಿಯ ಫೈಲಿನಲ್ಲಿ ಆ ಸಾಲನ್ನು ಎಂದಿಗಿಂತ ಬೇಗ ಬರೆದು ಮುಗಿಸಿದ.

"ಈ ಪಟ್ಟಿ ಎಲ್ಲಿ ಸಿಗುತ್ತೆ?" ಎಂದು ಕೇಳಿದ.

"ನಾನೇ ಹೊಲಿದದ್ದು ಸಾರ್" ಎಂದು ಬಡಗಿ ಎದ್ದ. ಎಡಗೈಯಲ್ಲಿ ನಮಸ್ಕಾರ ಮಾಡಿದ.

ಸಂಜೆ ಅವನು ವ್ಯಾಯಾಮದ ಸಾಮಾನು ಮಾರುವ ಅಂಗಡಿಗೆ ಹೋದ. ನಡೆಯುತ್ತಾ ಅವಳಿಲ್ಲದ ನಾಳೆಯ ಮನೆಯನ್ನು ಊಹಿಸಿಕೊಂಡ. ಎಳೆದು ನಡೆಯುವ ಚಪ್ಪಲಿಯ ಸದ್ದಿಲ್ಲ. ಊಟದ ಹೊತ್ತಿಗೆ ತಟ್ಟೆಯಿಂದ ಚಮಚ ಜಾರುವುದಿಲ್ಲ, ಜಾರಿದಾಗ ನೋಡದವನಂತೆ ಇರಬೇಕಾಗಿಲ್ಲ. ಎದೆ ಹಗುರವಾಯಿತು. ಹಗುರವಾದದ್ದು ಗೊತ್ತಾಗಿ ಹೆದರಿದ. ಹೋಗು ಅಂದರೆ ಪಾಪಿ, ಇರು ಅಂದರೆ ಸುಳ್ಳ. ಮೂವತ್ತು ವರ್ಷದಿಂದ ಅಡ್ಡಗೋಡೆಯ ಮೇಲೆ ದೀಪವಿಟ್ಟೇ ಸಂಸಾರ ಮಾಡಿದವನಿಗೆ ಒಂದೇ ಪದದ ಉತ್ತರ ಕೊಡಲು ಯಾರು ಕಲಿಸಬೇಕು?

ಅಂಗಡಿಯವನು ಮೊದಲು ಹಗ್ಗ ತೋರಿಸಿದ. ಆಮೇಲೆ ಸರಳು.

"ಮಣಿಕಟ್ಟಿಗೆ ಕಟ್ಟೋದು ಬೇಕು. ಹಿಡಿಯೋ ಹಾಗಿರಬಾರದು."

"ಯಾರಿಗೆ?"

"ನನಗೇ."

ಅಂಗಡಿಯವನು ಅವನ ಎರಡು ಕೈಗಳನ್ನೂ ನೋಡಿದ. ಒಳಗಿನಿಂದ ದಪ್ಪ ಬಟ್ಟೆಯ ಪಟ್ಟಿಗಳನ್ನು ತಂದು ಹರಡಿದ. ಒಂದೊಂದಕ್ಕೂ ಕಬ್ಬಿಣದ ಬಳೆ ಹೊಲಿದಿತ್ತು.

"ಎಷ್ಟು ಸುತ್ತಳತೆ?"

ಅವನು ತಡವರಿಸಿದ. ಅವಳ ಹಿಡಿತ ಅವನಿಗೆ ಕಾಲು ಕೆಜಿಯ ಲೆಕ್ಕದಲ್ಲಿ ಗೊತ್ತಿತ್ತು. ಮಣಿಕಟ್ಟಿನ ಸುತ್ತಳತೆ ಗೊತ್ತಿರಲಿಲ್ಲ. ಹೆಬ್ಬೆರಳು ತೋರುಬೆರಳು ಸೇರಿಸಿ ಗಾಳಿಯಲ್ಲೊಂದು ಸುತ್ತು ಮಾಡಿದ. ದೊಡ್ಡದಾಯಿತು ಅನ್ನಿಸಿತು. ಚಿಕ್ಕದು ಮಾಡಿದ. ಈಗ ಅದು ಯಾರ ಕೈಯೂ ಆಗಿರಲಿಲ್ಲ.

"ನಿಮಗೇ ಅಂದ್ರಲ್ಲ. ಕೈ ಕೊಡಿ" ಎಂದು ಅಂಗಡಿಯವನು ಅವನ ಮಣಿಕಟ್ಟಿಗೇ ಕಟ್ಟಿ, ಎಳೆದು ನೋಡಿ, "ಅಳೆದು ಮಾಡಿಸಿದ ಹಾಗಿದೆ" ಎಂದ. ಹೌದು, ಸರಿಯಾಗಿತ್ತು. ಅವನು ಅದನ್ನೇ ಕೊಂಡ.

ಮನೆಯಲ್ಲಿ ಅವಳ ಸೂಟ್‌ಕೇಸು ಬಾಗಿಲ ಬಳಿ ಇತ್ತು. ಅರ್ಧ ತೆರೆದಿತ್ತು. ಹೋಗುವುದು ಖಚಿತವೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ಒಂದು ಕೈಯಲ್ಲಿ ಮಡಚಿದ ಬಟ್ಟೆಗಳು ಗುಪ್ಪೆಯಾಗಿದ್ದವು.

"ಏನು ಹೇಳ್ತೀರಿ?" ಎಂದಳು.

ಅವನು ಪೊಟ್ಟಣ ಬಿಚ್ಚಿದ. ಅವಳು ಪಟ್ಟಿಯನ್ನು ಎಡಗೈಯಲ್ಲಿ ತೆಗೆದುಕೊಂಡು, ತಿರುಗಿಸಿ, ಒಳಮೈ ಸವರಿದಳು. ಮುಖ ಸ್ವಲ್ಪ ಸಡಿಲವಾಯಿತು.

"ಹಿಡ್ಕೊಳ್ಳೋ ಹಾಗೇ ಇಲ್ಲ" ಎಂದಳು.

"ಬೇಕಾಗಿಲ್ಲ. ಕಟ್ಟಿದ್ರೆ ಸಾಕು."

"ಇದು ಆರು ತಿಂಗಳಿಗೆ ಹೊಳೀತಾ?"

ಅವನು ರ‍್ಯಾಕಿನೊಳಗೆ ಬೆಂಚು ಎಳೆದು ಹಾಕಿದ. ಅವಳು ಬಂದು ಕೂತಳು. ನಾಲ್ಕು ಕಂಬಗಳ ನಡುವೆ ಅವಳು ಕೂತದ್ದು ಇದೇ ಮೊದಲು. ಅವನು ತನ್ನ ಇಪ್ಪತ್ತು ಕೆಜಿಯ ಬಿಲ್ಲೆ ತೆಗೆದು ಐದರದ್ದು ಹಾಕಿದ. ಒಂದು ತೋಳು ಎಷ್ಟು ತೂಗುತ್ತದೆಂದು ಕೋಷ್ಟಕದಲ್ಲಿ ಇರಲಿಲ್ಲ. ಕೇಬಲ್ಲನ್ನು ಕೆಳಗೆಳೆದು ಹಿಡಿದು, ಕೊಕ್ಕೆಗೆ ಬಳೆ ಸಿಕ್ಕಿಸಿ, ಪಟ್ಟಿಯನ್ನು ಅವಳ ಮಣಿಕಟ್ಟಿಗೆ ಸುತ್ತಿದ. ಕೊನೆಯ ಹೊಲಿಗೆಯವರೆಗೂ ಬಿಗಿದ. ಆದರೂ ಎರಡು ಬೆರಳು ತೂರುವಷ್ಟು ಸಡಿಲ.

"ಯಾರ ಅಳತೆಗೆ ತಂದಿರಿ?" ಎಂದಳು.

ಸಡಿಲಕ್ಕೆ ತುರುಕಲು ಅವನು ಕರವಸ್ತ್ರಕ್ಕಾಗಿ ಜೇಬು ತಡಕಿದ. ಸಿಗಲಿಲ್ಲ.

"ತಾಳಿ." ಅವಳು ಎಡಗೈಯಿಂದ ಸ್ವೆಟರಿನ ಜೇಬಿನಿಂದ ಒಂದು ಕಾಗದ ತೆಗೆದಳು. ನಾಲ್ಕು ಮಡಿಕೆಯಾಗಿತ್ತು, ಅಂಚು ಸೊಟ್ಟಗೆ ಹರಿದಿತ್ತು. "ಇದನ್ನೇ ಒಳಗಿಡಿ. ದಪ್ಪ ಇದೆ."

ಅವನು ಅದನ್ನು ತೆಗೆದುಕೊಂಡ. ಬಿಚ್ಚಲಿಲ್ಲ. ಬಿಚ್ಚುವುದಕ್ಕೆ ಏನಿತ್ತು, ಅವನದೇ ಅಕ್ಷರ. ಅವಳ ಚರ್ಮಕ್ಕೂ ಪಟ್ಟಿಗೂ ನಡುವೆ ತೂರಿಸಿದ. ಹೇಳಿ ಮಾಡಿಸಿದ ಹಾಗೆ ಬಿಗಿಯಾಯಿತು. ಕೇಬಲ್ಲಿನಿಂದ ಮೆಲ್ಲಗೆ ಕೈ ಬಿಟ್ಟ.

ಬಿಲ್ಲೆ ಇಳಿಯಿತು. ಅವಳ ಕೈ ಮಡಿಲಿನಿಂದ ಎದ್ದಿತು. ಎದೆ ದಾಟಿತು, ಕಿವಿ ದಾಟಿತು, ತಲೆ ದಾಟಿ ನೆಟ್ಟಗೆ ಮೇಲೆ ನಿಂತಿತು. ಆರು ತಿಂಗಳಲ್ಲಿ ಅಷ್ಟೆತ್ತರ ಹೋದದ್ದೇ ಇಲ್ಲ. ಬೆರಳುಗಳು ಮಾತ್ರ ಅತ್ತಿತ್ತ ಜೋತಿದ್ದವು. ಅವಳು ತಲೆಯೆತ್ತಿ, ಬೇರೆ ಯಾರನ್ನೋ ನೋಡುವ ಹಾಗೆ ಅದನ್ನು ನೋಡಿದಳು.

"ನಮ್ಮ ಏಳನೇ ಕ್ಲಾಸಿನಲ್ಲಿ ಒಬ್ಬಳು ಹೀಗೇ ಎತ್ತಿರ್ತಾಳೆ" ಎಂದಳು. "ನಾನು ನೋಡೋವರೆಗೂ ಇಳಿಸಲ್ಲ."

"ನೋವಾಗ್ತಿದೆಯಾ?"

"ನೋವು ಆಮೇಲೆ ಬರೆದುಕೊಳ್ಳಿ. ಈಗ ಕೇಳ್ತೀನಿ. ಕೈಯೆತ್ತಿ ಕೇಳ್ತಿದೀನಿ. ನಾನು ಹೋಗ್ಲಾ?"

ಅವನು ಬೆಂಚಿನ ಹಿಂದಕ್ಕೆ ಸರಿದ, ಬಿಲ್ಲೆ ಇಳಿದು ನಿಂತಿದ್ದ ಕಡೆಗೆ. ಅದನ್ನು ಎತ್ತಿದರೆ ಕೈ ಇಳಿಯುತ್ತದೆ. ಕೈ ಇಳಿದ ಮೇಲೂ ಪ್ರಶ್ನೆ ಇದ್ದಲ್ಲೇ ಇರುತ್ತದೆ. ಹಿಂದಿನಿಂದ ಅವನಿಗೆ ಅವಳ ನೆತ್ತಿ ಕಂಡಿತು. ಮೇಲೆ ನೆಟ್ಟಗೆ ನಿಂತ ತೋಳು, ಪಟ್ಟಿಯಿಂದ ಇಣುಕುವ ಕಾಗದದ ಮೂಲೆ ಕಂಡವು. ಮುಖ ಕಾಣಲಿಲ್ಲ. ಅವನು ಬಿಲ್ಲೆಯ ಮೇಲೆ ಅಂಗೈಯಿಟ್ಟ. ಅದು ತಣ್ಣಗಿತ್ತು.

"ರೀ" ಎಂದಳು ಅವಳು. "ಕಾಯ್ತಾ ಇದೀನಿ."

ಅವನು ಎಣಿಸತೊಡಗಿದ. ಒಂದು, ಎರಡು, ಮೂರು. ಗಟ್ಟಿಯಾಗಿಯೇ ಎಣಿಸಿದ, ಫಿಸಿಯೋಥೆರಪಿಯವಳು ಹೇಳಿಕೊಟ್ಟ ಹಾಗೆ, ನಡುವೆ ಉಸಿರಿನಷ್ಟು ಬಿಟ್ಟು. ಹನ್ನೆರಡಕ್ಕೆ ಅವಳ ಭುಜ ನಡುಗಿತು. ಇಪ್ಪತ್ತಕ್ಕೆ ಅವಳು ಎಡಗೈ ಚಾಚಿ ಪಟ್ಟಿಯನ್ನು ಮುಟ್ಟಲು ನೋಡಿದಳು. ನಿಲುಕಲಿಲ್ಲ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು.

ಮೂವತ್ತಾಯಿತು. ಅವನು ಬಿಲ್ಲೆಯನ್ನು ಎತ್ತಲಿಲ್ಲ. ಮತ್ತೆ ಒಂದರಿಂದ ಶುರು ಮಾಡಿದ.