ಅಂಗಡಿಯ ಬೀಗದ ಕೈಗೆ ಎರಡು ಚೀಟಿ

ಡ್ರೈಕ್ಲೀನಿಂಗ್ ಅಂಗಡಿಯ ಯಜಮಾನರು ಎದೆನೋವಿನಿಂದ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ವಾಪಸು ಬಂದರು. ಅಷ್ಟರಲ್ಲಿ ಮನೆಯವರು ಅಂಗಡಿಯ ಹಿಂದಿನ ಕೋಣೆಯ ಬೀರು ತೆಗೆದಿದ್ದರು. ಒಳಗಿನ ಪ್ರತಿ ವಸ್ತುವಿಗೂ, ಗಿರಾಕಿಗಳ ಬಟ್ಟೆಗೆ ಕಟ್ಟುವಂಥದೇ ಚೀಟಿ ಕಟ್ಟಿ, ತಮ್ಮ ನಂತರ ಅದು ಯಾರಿಗೆ ಎಂದು ಯಜಮಾನರು ಬರೆದಿದ್ದರು. ಮನೆಪತ್ರಕ್ಕೆ ‘ಹೆಂಡತಿ’. ಬಳೆಗಳಿಗೆ ‘ಸೊಸೆ’. ಅಂಗಡಿಯ ಬೀಗದ ಕೈಗೆ ಮಾತ್ರ ಎರಡು ಚೀಟಿ: ಒಂದರಲ್ಲಿ ‘ಮಗಳು’, ಇನ್ನೊಂದರಲ್ಲಿ ‘ಮಗ’.

ಹನ್ನೆರಡು ವರ್ಷಗಳಿಂದ ಅಂಗಡಿ ನಡೆಸುತ್ತಿರುವವಳು ಮಗಳು. ಅದನ್ನು ಮಾರಬೇಕೆಂಬ ಆಸೆ ಮಗನಿಗೆ.

“ಅಪ್ಪ, ಇದರಲ್ಲಿ ಯಾವ ಚೀಟಿ ಸರಿ?” ಮಗಳು ಕೇಳಿದಳು.

ಅಪ್ಪ ಎರಡನ್ನೂ ತಿರುಗಿಸಿ ನೋಡಿದರು. “ಒಂದನ್ನ ಬಿಚ್ಚಬೇಕು ಅಂತಿದ್ದೆ. ಯಾವುದನ್ನ ಅಂತ ಈಗ ನೆನಪಾಗ್ತಿಲ್ಲವಲ್ಲೇ.”

“ಹಳೇ ದಾರ ಯಾವುದು ನೋಡ್ರಿ,” ಎಂದಳು ಅಮ್ಮ.

“ಎರಡೂ ಒಂದೇ ಉಂಡೇದು,” ಎಂದರು ಅಪ್ಪ.

“ನನ್ನ ಚೀಟಿ ಗಂಟೇ ಗಟ್ಟಿ,” ಎಂದ ಮಗ.

“ಹನ್ನೆರಡು ವರ್ಷ ಇಸ್ತ್ರಿ ಹಬೆ ಕುಡಿದೋಳು ನಾನು. ಗಂಟು ಗಟ್ಟಿಯಂತೆ, ಗಂಟು!”

ಆಗ ತಮ್ಮ ಕರಿಕೋಟು ಒಯ್ಯಲು ವಕೀಲಮ್ಮ ಬಂದರು. ಬೀಗದ ಕೈ ನೋಡಿ, “ತಾರೀಕೆಲ್ಲಿ? ಸಾಕ್ಷಿಗಳ ಸಹಿ ಎಲ್ಲಿ?” ಎಂದರು.

“ಸಹಿ ಯಾಕಮ್ಮ? ನಲವತ್ತು ವರ್ಷದಲ್ಲಿ ಈ ಅಂಗಡೀಲಿ ಒಬ್ಬರ ಅಂಗಿ ಇನ್ನೊಬ್ಬರಿಗೆ ಹೋಗಿಲ್ಲ. ಚೀಟಿ ಕಟ್ಟಿದ್ರೆ ಮುಗೀತು.”

“ಅಂಗಿ ತಪ್ಪಿದ್ರೆ ಗಿರಾಕಿ ಬಂದು ಬೈತಾನೆ, ನೀವು ಸರಿಮಾಡ್ತೀರಿ. ಇದು ತಪ್ಪಿದ್ರೆ ಬೈಸ್ಕೊಳ್ಳೋಕೆ ನೀವಿರಲ್ಲ. ಎದುರಿಗೆ ಕೂತೇ ಹೇಳಕ್ಕಾಗ್ತಿಲ್ಲ ನಿಮಗೆ! ಸರಿಯಾಗಿ ಬರೆದಿಡದಿದ್ರೆ ಕಾನೂನೇ ಹಂಚುತ್ತೆ. ಯಾರು ಹಬೆ ಕುಡಿದರು ಅಂತ ಅದು ಕೇಳಲ್ಲ.”

ಮಗಳ ಮುಖ ಸಣ್ಣದಾಯಿತು. ಅಪ್ಪ ಅದನ್ನು ನೋಡಿದರು. “ಹಾಗಾದ್ರೆ ಏನು ಮಾಡ್ಲಿ?”

“ಉಯಿಲು ಬರೀರಿ. ಯಾರಿಗೆ ಏನು ಅಂತ ಬಿಡಿಸಿ ಬರೀರಿ, ತಾರೀಕು ಹಾಕಿ. ಪಾಲಿಲ್ಲದ ಇಬ್ಬರನ್ನ ಎದುರಿಗೆ ಕೂರಿಸ್ಕೊಂಡು ಸಹಿ ಮಾಡಿ, ಅವರೂ ಮಾಡ್ಲಿ. ಮನಸ್ಸು ಬದಲಾದ್ರೆ ಹೊಸದು ಬರೀರಿ. ಹಳೇದು ರದ್ದು ಅಂತ ಅದರಲ್ಲೇ ಹೇಳಿ.”

“ತೆರಿಗೆ? ಅರ್ಧ ಸರ್ಕಾರಕ್ಕೇ ಹೋಗುತ್ತಂತೆ. ಔಷಧಿ ಅಂಗಡಿಯವರು ಹೇಳಿದ್ರು,” ಎಂದ ಮಗ.

“ತೆರಿಗೇನೇ ಇಲ್ಲ ಅಂತ ಅವರೇ ನನಗೆ ಅಂದ್ರಲ್ಲ!” ಅಮ್ಮನಿಗೆ ಆಶ್ಚರ್ಯ.

“ಕೆಮ್ಮಿಗೆ ಅವರನ್ನ ಕೇಳಿ, ತೆರಿಗೆಗೆ ತೆರಿಗೆ ಬಲ್ಲವರನ್ನ ಕೇಳಿ,” ಎಂದರು ವಕೀಲಮ್ಮ. “ ಕೆಲವು ದೇಶದಲ್ಲಿ ಆಸ್ತಿ ಕೈಗೆ ಬಂದಾಗ ಕಟ್ಟಬೇಕು, ಕೆಲವು ಕಡೆ ಮಾರಿದಾಗ. ಕೊಂಡಾಗಿನ ಕಾಗದ ಮಾತ್ರ ಜೋಪಾನ. ಎಷ್ಟಕ್ಕೆ ಕೊಂಡ್ರಿ ಅಂತ ಒಂದು ದಿನ ಕೇಳೇ ಕೇಳ್ತಾರೆ.”

ಮೂರನೆಯ ದಿನ ಇಸ್ತ್ರಿ ಮೇಜಿನ ಮೇಲೆ ಉಯಿಲು ಸಿದ್ಧವಾಯಿತು. ಸಾಕ್ಷಿಯಾಗಿ ಸಹಿ ಹಾಕಲು ಮಗಳು ಪೆನ್ನು ಎತ್ತಿಕೊಂಡಳು. ವಕೀಲಮ್ಮ ಅದನ್ನು ಕಿತ್ತುಕೊಂಡರು. “ನೀನಲ್ಲ. ಅಂಗಡಿ ನಿನ್ನ ಪಾಲಿಗೆ ಬಂದಿದೆ.” ಔಷಧಿ ಅಂಗಡಿಯವರೂ ಎದುರುಮನೆಯ ಮೇಷ್ಟರೂ ಸಹಿ ಮಾಡಿದರು. ಮಗನಿಗೆ ಬ್ಯಾಂಕಿನ ಠೇವಣಿ.

“ನನ್ನ ಗಂಟೇ ಗಟ್ಟಿಯಾಗಿತ್ತು,” ಎಂದು ಅವನು ಗೊಣಗಿದ.

ಅಪ್ಪ ಕತ್ತರಿಯಿಂದ ಎರಡೂ ಚೀಟಿ ಕತ್ತರಿಸಿದರು. ಮಗಳು ಕೈ ಚಾಚಿದಳು. ಅವರು ಬೀಗದ ಕೈಯನ್ನು ತಮ್ಮ ಜೇಬಿಗೇ ಹಾಕಿಕೊಂಡರು. “ನಾನಿನ್ನೂ ಇದ್ದೀನಿ ಕಣೇ!”

ಓದುತ್ತಿರುವವರೇ, ಯಾರಿಗೆ ಏನು ಎಂಬುದು ನಿಮ್ಮ ತಲೆಯಲ್ಲಿ ಮಾತ್ರ ಇದೆಯೇ? ತಲೆಯೊಳಗಿನದಕ್ಕೆ ಸಾಕ್ಷಿಗಳಿಲ್ಲ. ಈ ವಾರವೇ ತಿಳಿದವರನ್ನು ಕೇಳಿ, ಬರೆದಿಡಿ. ಬರೆದರೆ ಮನೆಯ ಜಗಳ ನಿಲ್ಲುತ್ತದೆಂದು ನಾವು ಹೇಳುವುದಿಲ್ಲ. ನೀವು ಹೇಳಿದ್ದೇನು ಎಂಬ ಗೊಂದಲವಂತೂ ಉಳಿಯುವುದಿಲ್ಲ.