ಮಡಿಲಕ್ಕಿಯ ಪುಟ

ನಾನು ಒಂದು ಕಾದಂಬರಿ. ನನ್ನನ್ನು ಬರೆದದ್ದು ಬಂಗಾಳಿಯಲ್ಲಿ. ಕನ್ನಡದ ಮೈ ಬಂದದ್ದು ಮೈಸೂರಿನ ಒಂದು ಸಣ್ಣ ಮುದ್ರಣಾಲಯದಲ್ಲಿ. ಒಂದೊಂದೇ ಅಚ್ಚಿನ ಮೊಳೆ ಜೋಡಿಸಿ, ದಾರದಲ್ಲಿ ಹೊಲಿದು, ನೀಲಿ ರಟ್ಟು ಹೊದಿಸಿ, 'ದೋಣಿಘಟ್ಟದ ಕಿಟಕಿ' ಎಂದು ಹೆಸರಿಟ್ಟರು.

ನನ್ನ ಕಥೆ ದೊಡ್ಡದೇನಲ್ಲ. ಕನಕಲತಾ ಎಂಬ ಹುಡುಗಿ ತಾನು ಮೆಚ್ಚಿದವನನ್ನು ಮದುವೆಯಾಗಿ ದೋಣಿ ಹತ್ತುತ್ತಾಳೆ. ದಡದ ಮೇಲಿನ ಮನೆಯಲ್ಲಿ ಅವಳ ತಾಯಿ ಕಿಟಕಿ ಮುಚ್ಚಿಕೊಂಡು ಕೂತಿರುತ್ತಾಳೆ. ನೂರಾ ಎಂಬತ್ತೇಳನೆಯ ಪುಟದಲ್ಲಿ ದೋಣಿ ಹೊರಡುತ್ತದೆ. ಕಿಟಕಿ ತೆರೆಯುವುದಿಲ್ಲ.

ಅಂಗಡಿಯ ಕಪಾಟಿನಲ್ಲಿ ಕೆಲವು ವರ್ಷ ಧೂಳು ಕುಡಿದೆ. ಆಮೇಲೆ ಮಾರುಕಟ್ಟೆಯ ಬದಿಯ ಫುಟ್‌ಪಾತಿಗೆ ಇಳಿದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡವಳು ವಿಮಲಾಕ್ಷಿ. ಊದುಬತ್ತಿ ಹೊಸೆಯುವ ಶೆಡ್ಡಿನಲ್ಲಿ ಎಂಟನೇ ಕ್ಲಾಸು ದಾಟಿದವಳು ಅವಳೊಬ್ಬಳೇ. ಅಲ್ಲಿ ಒಂದು ಪದ್ಧತಿಯಿತ್ತು: ವಿಮಲಾಕ್ಷಿ ಕಥೆ ಓದಬೇಕು, ಅವಳ ಪಾಲಿನ ಕಡ್ಡಿಗಳನ್ನು ಉಳಿದವರು ಹೊಸೆದುಕೊಡಬೇಕು. ಹಾಗಾಗಿ ದಿನಾ ಮಧ್ಯಾಹ್ನ ನಾನು ಅವಳ ತೊಡೆಯ ಮೇಲೆ ತೆರೆದುಕೊಳ್ಳುತ್ತಿದ್ದೆ. ನನ್ನ ಅಂಚುಗಳಿಗೆ ಕಪ್ಪು ಹಿಟ್ಟಿನ ಬೆರಳಚ್ಚು, ಹೊಲಿಗೆಯ ಸಂದಿಗೆಲ್ಲ ಸಾಂಬ್ರಾಣಿಯ ವಾಸನೆ.

ಕೇಳುವವರಲ್ಲಿ ಹಿರಿಯಳು ಸಣ್ಣತಾಯಮ್ಮ. ಎಲ್ಲರ ಬಾಯಲ್ಲೂ ತಾಯಕ್ಕ. ಅವಳ ಮಗಳು ರತ್ನಿ ಬೇರೆ ಜಾತಿಯ ಹುಡುಗನನ್ನು ಕಟ್ಟಿಕೊಂಡು ಚಾಮರಾಜನಗರಕ್ಕೆ ಹೋಗಿ ಆರು ವರ್ಷವಾಗಿತ್ತು. ಹೊರಟ ದಿನ ತಾಯಕ್ಕ ಬಾಗಿಲು ಹಾಕಿಕೊಂಡವಳು ಆಚೆ ಬಂದಿರಲಿಲ್ಲ.

ದೋಣಿ ಹೊರಡುವ ಪುಟ ಬಂದಾಗ ಅವಳ ಕೈಯ ಕಡ್ಡಿ ನಿಂತಿತು.

"ಆಮ್ಯಾಕೆ? ಅವ್ವ ಬರ್ಲಿಲ್ವಾ?"

ವಿಮಲಾಕ್ಷಿ ಆ ಮುಖ ನೋಡಿದಳು. ನನ್ನ ಮೇಲೆ ಕಣ್ಣಿಟ್ಟುಕೊಂಡೇ, ನನ್ನಲ್ಲಿಲ್ಲದ್ದನ್ನು ಓದತೊಡಗಿದಳು: ಕಿಟಕಿ ತೆರೆಯಿತು. ತಾಯಿ ಓಡಿಬಂದಳು. ಮೊಣಕಾಲುದ್ದ ನೀರಿಗಿಳಿದು ಮಗಳ ಸೆರಗು ಬಿಡಿಸಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿ ಮಡಿಲು ತುಂಬಿದಳು.

ನನಗೆ ದಿಗಿಲಾಯಿತು. ಬಂಗಾಳದ ದೋಣಿಘಟ್ಟಕ್ಕೆ ನಮ್ಮ ಕಡೆಯ ಮಡಿಲಕ್ಕಿ ಎಲ್ಲಿಂದ ಬರಬೇಕು? ಆದರೆ ಶೆಡ್ಡಿನಲ್ಲಿ ಎಲ್ಲರೂ ಮೂಗು ಒರೆಸಿಕೊಳ್ಳುತ್ತಿದ್ದರು. ಮುಂದಿನ ಭಾನುವಾರ ತಾಯಕ್ಕ ಒಂದು ಸೇರು ಅಕ್ಕಿ, ಎರಡು ಅಚ್ಚು ಬೆಲ್ಲ ಕಟ್ಟಿಕೊಂಡು ಚಾಮರಾಜನಗರದ ಬಸ್ಸು ಹತ್ತಿದಳು.

ಕೆಲವು ವರ್ಷಗಳ ನಂತರ ನನ್ನನ್ನು ಸಿನಿಮಾ ಮಾಡಿದರು, ಅದೂ ಕನ್ನಡದಲ್ಲೇ. ಶೆಡ್ಡಿಗೆ ಬೀಗ ಹಾಕಿ ಹನ್ನೊಂದು ಜನ ಮ್ಯಾಟ್ನಿಗೆ ಹೋದರು. ನನ್ನನ್ನೂ ಚೀಲದಲ್ಲಿ ಹಾಕಿಕೊಂಡಿದ್ದರು. ಬರುವಾಗ ಬೀದಿಯುದ್ದಕ್ಕೂ ಬೈಗುಳ.

"ಕನಕಲತಾ ಮನೇಲಿ ಎಣ್ಣೆಗೆ ಗತಿಯಿಲ್ಲ, ಇವಳು ನೋಡಿದ್ರೆ ಹಾಡಿಗೊಂದು ಸೀರೆ ಬದಲಾಯಿಸ್ತಾಳೆ!" ಎಂದಳು ಜೊತೆಗೆ ಕಡ್ಡಿ ಹೊಸೆಯುವ ಜೈಬುನ್ನಿಸಾ. "ಆ ದೋಣಿನೋ, ಮದುವೆ ಛತ್ರದ ಥರ ಹೂವು ಸುತ್ತವ್ರೆ."

"ಅದೆಲ್ಲ ಹಾಳಾಗ್ಲಿ ಬುಡು," ಎಂದಳು ತಾಯಕ್ಕ. "ಮಡ್ಲಕ್ಕಿನೇ ತೆಗ್ದಾಕ್ಬುಟ್ಟವ್ರಲ್ಲ! ಅದಿಲ್ದಿದ್ಮೇಲೆ ಕತೆ ಏನುಳೀತು? ರತ್ನಿನೂ ಕರ್ಕೊಂಡು ಬಂದು ತೋರುಸ್ಬೇಕು ಅಂತಿದ್ದೆ ಕಣಮ್ಮಿ."

ಸಿನಿಮಾದವರಿಗೆ ಕಾಗದ ಬರೆಯಬೇಕೆಂದು ಎಲ್ಲರೂ ತೀರ್ಮಾನಿಸಿದರು. ಪುಟದ ನಂಬರು ಹಾಕಿ, ಮುಖಕ್ಕೆ ಹೊಡೆದ ಹಾಗೆ ಬರೆಯಬೇಕು.

"ಪುಟ ಹುಡುಕು ವಿಮಲಕ್ಕ."

ವಿಮಲಾಕ್ಷಿ ಕನ್ನಡಕ ಸರಿಯಿಲ್ಲ ಎಂದಳು. ನನ್ನ ರಟ್ಟನ್ನು ಗಟ್ಟಿಯಾಗಿ ಮುಚ್ಚಿ ಹಿಡಿದಳು. ಇಷ್ಟು ವರ್ಷ ಓದಿದ್ದನ್ನೆಲ್ಲ ಇನ್ನು ಯಾರು ನಂಬುತ್ತಾರೆ?

"ನೀ ಕೊಡು ಇಲ್ಲಿ," ಎಂದು ತಾಯಕ್ಕ ಕೈ ಚಾಚಿದಳು. "ರಾತ್ರಿ ಶಾಲೇಲಿ ನಂಗೂ ಅಕ್ಷರ ಕಲ್ಸವ್ರೆ. ನಾನೇ ಹುಡುಕ್ತೀನಿ."

ಮೂರು ವಾರ ನಾನು ಅವಳ ಮನೆಯಲ್ಲಿದ್ದೆ. ರತ್ನಿಯ ಪುಟ್ಟ ಮಗಳೂ ಆಗ ಅಜ್ಜಿಯ ಮನೆಗೆ ಬಂದಿದ್ದಳು. ದಿನಾ ಬೆಳಿಗ್ಗೆ ಹೊಸ್ತಿಲ ಬೆಳಕಿನಲ್ಲಿ ಕೂತು, ಒಂದೊಂದೇ ಅಕ್ಷರ ಬೆರಳಲ್ಲಿ ತಳ್ಳಿಕೊಂಡು ಬಂದಳು. 'ದೋ... ಣಿ... ಹೊ... ರ... ಟಿ... ತು.' ಹಿಂದಿನ ಪುಟ, ಮುಂದಿನ ಪುಟ, ಮತ್ತೆ ಅದೇ ಪುಟ. ಕೊನೆಗೆ ಬೆರಳು ತೆಗೆದು ನನ್ನನ್ನು ಮಡಿಲಲ್ಲಿಟ್ಟುಕೊಂಡಳು. ನಾನು ಸಿಕ್ಕಿಬಿದ್ದ ಕಳ್ಳನ ಹಾಗೆ ತೆರೆದುಕೊಂಡೇ ಇದ್ದೆ.

"ಅಯ್ಯೋ ವಿಮಲಿ," ಎಂದಳು ಮೆಲ್ಲಗೆ. "ನನಗೋಸ್ಕರವಾ?"

ಆಮೇಲೆ ಆ ಹಾಳೆಯನ್ನು ಹೊಲಿಗೆಯ ಅಂಚಿಗೆ ಹಿಡಿದು ಪರ್ರನೆ ಹರಿದಳು. ನೋವಾಯಿತು, ಇಲ್ಲವೆನ್ನಲಾರೆ.

ಶೆಡ್ಡಿನಲ್ಲಿ ನನ್ನನ್ನು ಎಲ್ಲರಿಗೂ ಬಿಚ್ಚಿ ತೋರಿಸಿದಳು. "ನೋಡ್ರಮ್ಮಿ, ನನ್ನ ಮೊಮ್ಮಗಳು ಮಡ್ಲಕ್ಕಿ ಹಾಳೆನೇ ಹರ್ದಾಕವ್ಳೆ. ಅಲ್ಲಿತ್ತು, ನಾನೇ ಓದಿದ್ದೆ. ಇನ್ನು ಕಾಗ್ದ ಹೆಂಗ್ ಬರೆಯದು?"

"ಹೋಗ್ಲಿ ಬಿಡು, ಸಿನಿಮಾದವರಿಗೂ ಅದೇ ಹರಿದ ಪುಸ್ತಕ ಸಿಕ್ಕಿರಬೇಕು," ಎಂದಳು ಜೈಬುನ್ನಿಸಾ. ಎಲ್ಲರೂ ನಕ್ಕರು. ವಿಮಲಾಕ್ಷಿ ಮಾತ್ರ ತಲೆ ಎತ್ತಲಿಲ್ಲ. ಆ ದಿನ ಅವಳ ಪಾಲಿನ ಕಡ್ಡಿಯನ್ನೆಲ್ಲ ತಾಯಕ್ಕ ಒಬ್ಬಳೇ ಹೊಸೆದಳು. ಸಂಜೆ ವಿಮಲಾಕ್ಷಿ ನನ್ನನ್ನು ತಾಯಕ್ಕನ ಚೀಲದೊಳಗೆ ಇಟ್ಟಳು, ಮತ್ತೆ ವಾಪಸು ಕೇಳಲಿಲ್ಲ.

ಈಗ ತಾಯಕ್ಕನ ಜೊತೆ ನನ್ನ ವಾಸವೂ ಚಾಮರಾಜನಗರದಲ್ಲಿ, ರತ್ನಿಯ ಮನೆಯ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ. ರಟ್ಟು ಬಿಟ್ಟುಕೊಂಡಿದೆ, ಹುಳು ಎರಡು ತೂತು ಕೊರೆದಿದೆ. ಆ ಸಿನಿಮಾದ ಹೆಸರೆತ್ತುವವರು ಯಾರೂ ಇಲ್ಲ. ನನಗೆ ಅದರ ಮೇಲೆ ಸಿಟ್ಟಿಲ್ಲ. ಅದು ನನ್ನಲ್ಲಿದ್ದದ್ದನ್ನೇ ಸರಿಯಾಗಿ ನೋಡಲಿಲ್ಲ, ಇಲ್ಲದ್ದು ಅದಕ್ಕೆ ಎಲ್ಲಿ ಕಾಣಬೇಕು?

ಮೊನ್ನೆ ಮೊಮ್ಮಗಳು ನನ್ನನ್ನು ಗಟ್ಟಿಯಾಗಿ ಓದುತ್ತಿದ್ದಳು. ನೂರಾ ಎಂಬತ್ತಾರಾದ ಮೇಲೆ ನಿಂತಳು.

"ಅಜ್ಜಿ, ಇಲ್ಲೊಂದು ಹಾಳೆನೇ ಇಲ್ಲ. ಯಾರು ಹರಿದಿದ್ದು?"

"ನೀನೇ ಕಣೆ," ಎಂದಳು ತಾಯಕ್ಕ, ಗೋಡೆಗೊರಗಿ ಕಣ್ಣು ಮುಚ್ಚಿಕೊಂಡು. "ಅದ್ರಲ್ಲಿದ್ದದ್ದು ನಂಗೆ ಬಾಯಿಗೇ ಬತ್ತದೆ. ಕೇಳು. ಕಿಟ್ಕಿ ತೆಗೀತು..."

ಮೆಷಿನ್ ತುಳಿಯುತ್ತಿದ್ದ ರತ್ನಿಯ ಕಾಲು ನಿಂತಿತು.