ಹಿತ್ತಾಳೆ ಬಿರಡೆ

ಮನೆಯ ಮುಂದಿನ ಕೋಣೆಯಲ್ಲಿ ದೋಣಿ ಕಟ್ಟುವ ಮನುಷ್ಯನನ್ನು ಏನೆಂದು ಕರೆಯಬೇಕೋ ಟೈಲರಮ್ಮನಿಗೆ ಇನ್ನೂ ತೋಚಿರಲಿಲ್ಲ. ಬಾಯಿಗೆ ಬರುವ ಪದಗಳೇನೋ ಬೇಕಾದಷ್ಟಿದ್ದವು. ಕಟ್ಟಿಕೊಂಡ ಗಂಡನಾದ್ದರಿಂದ ಅರ್ಧ ನುಂಗಿಕೊಂಡು ಉಳಿದರ್ಧವನ್ನು ಮಾತ್ರ ಆಡುತ್ತಿದ್ದಳು.

ಗಂಡ ಕನ್ನಡಕದ ಅಂಗಡಿಯವನು. ದಿನವಿಡೀ ಊರವರ ಕಣ್ಣಿಗೆ ಬೆಳಕು ಬಿಟ್ಟು, "ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ" ಎಂದು ಕೇಳಿ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಗಾಜು ಉಜ್ಜಿ ಕೂರಿಸುವ ಮಹಾನುಭಾವ. ಸ್ವಂತ ಹೆಂಡತಿ ಒಲೆಗೂ ಪಾತ್ರೆ ತೊಳೆಯುವ ತೊಟ್ಟಿಗೂ ನಡುವೆ ಹೊಲಿಗೆಯಂತ್ರ ತುರುಕಿಕೊಂಡು ಕೂತಿರುವುದು ಮಾತ್ರ ಆ ಕಣ್ಣಿಗೆ ಬಿದ್ದಿರಲಿಲ್ಲ. ಮುಂದಿನ ಕೋಣೆ ಅವಳ ಹೊಲಿಗೆಗೆಂದೇ ಇದ್ದದ್ದು. "ಒಂದು ತಿಂಗಳು ಕೊಡು, ಸಣ್ಣ ಕೆಲಸ" ಎಂದು ನಾಲ್ಕು ಹಲಗೆ ತಂದು ಗೋಡೆಗೆ ಒರಗಿಸಿದ್ದ. ಎರಡು ವರ್ಷವಾಯಿತು, ಆ ತಿಂಗಳು ಇನ್ನೂ ಮುಗಿದಿರಲಿಲ್ಲ.

ಅಡುಗೆಮನೆಯಲ್ಲಿ ಹೊಲಿದ ಬಟ್ಟೆಗೆ ಈರುಳ್ಳಿ ಹುರಿದ ವಾಸನೆ ಬಾರದೆ ಮಲ್ಲಿಗೆಯ ಪರಿಮಳ ಬರುತ್ತದೆಯೇ? ಗಿರಾಕಿಯೊಬ್ಬಳು ಹೊಸ ರವಿಕೆಯನ್ನು ಮೂಗಿನ ಹತ್ತಿರ ಹಿಡಿದು, "ಹೊಲಿಗೆಗೆ ಹೆಸರಿಡೋ ಹಾಗಿಲ್ಲ ಕಣಮ್ಮಾ, ಹಾಕ್ಕೊಂಡ್ರೆ ಮಾತ್ರ ಹೊಟ್ಟೆ ಹಸಿಯುತ್ತೆ" ಎಂದು ನಕ್ಕು ಹೋದವಳು ಮತ್ತೆ ಬರಲಿಲ್ಲ. ಅಂದು ಟೈಲರಮ್ಮ ಒಲೆ ಆರಿಸಿ ಮುಂದಿನ ಕೋಣೆಯ ಬಾಗಿಲಲ್ಲಿ ನಿಂತು, ನುಂಗಿಕೊಂಡಿದ್ದ ಅರ್ಧವನ್ನೂ ಆಡಿಬಿಟ್ಟಳು.

ಗಂಡ ಉಜ್ಜುಕಾಗದ ಕೆಳಗಿಟ್ಟ. "ಆಯ್ತು, ಮಾತು ಕೊಡ್ತೀನಿ. ಈ ದೋಣಿ ಕೆರೆ ಒಂದು ಸುತ್ತು ಹಾಕಬೇಕು, ನಾನು ಕಾಲು ನೆನೆಯದೆ ದಡಕ್ಕಿಳೀಬೇಕು. ಆಗಲಿಲ್ವಾ, ಮಾರನೇ ದಿನವೇ ಇದನ್ನ ಕೊಯ್ದು ಸೌದೆ ಮಾಡ್ತೀನಿ. ರೂಮು ನಿಂದು."

"ಓಡಿದ್ರೆ?"

"ಓಡಿದ್ರೆ ಇಲ್ಲೇ ಇನ್ನೊಂದು ಕಟ್ತೀನಿ. ಹದಿನಾರು ಅಡಿದು. ಇದು ಬರೀ ಸ್ಯಾಂಪಲ್ಲು ಕಣೇ. ನೀನು ತುಟಿ ಪಿಟಿಕ್ ಅನ್ನಬಾರದು."

ಈ ಮಾತಿಗೆ ಕಿಟಕಿಯಾಚೆ ನಿಂತಿದ್ದ ಎದುರುಮನೆಯವನೇ ಸಾಕ್ಷಿ. ಕೇಳಿದ್ದನ್ನು ಬೀದಿ ತುಂಬ ಸಾರುವುದೇ ಅವನ ಉದ್ಯೋಗವಾದ್ದರಿಂದ ಎಲ್ಲರೂ ಅವನನ್ನು ಡಂಗುರ ಎನ್ನುತ್ತಿದ್ದರು. ಸಂಜೆಯ ಹೊತ್ತಿಗೆ ಹಾಲಿನ ಅಂಗಡಿಯವನೂ ಟೈಲರಮ್ಮನನ್ನು, "ಏನಕ್ಕಾ, ದೋಣಿ ಮುಳುಗಲಿ ಅಂತ ಕಾಯ್ತಿದೀರಂತೆ?" ಎಂದು ಕೇಳಿದ. ಅವಳು ಇಲ್ಲವೆನ್ನಲಿಲ್ಲ. ಹೌದು, ಕಾಯುತ್ತಿದ್ದಳು. ಗಂಡನಿಗೆ ಈಜು ಬರುತ್ತಿತ್ತು, ದೋಣಿಗೆ ಬರುತ್ತಿರಲಿಲ್ಲ. ಇನ್ನೇನು ಚಿಂತೆ?

ದೋಣಿ ಮುಗಿಸುವ ಕೆಲಸ ಭರದಿಂದ ಸಾಗಿತು. ಅವಳ ತಮ್ಮ ಮೋಟಾರ್ ಮೆಕ್ಯಾನಿಕ್. ಭಾವನ ಹುಚ್ಚಿಗೆ ಮೊದಲಿನಿಂದಲೂ ಎಣ್ಣೆ ಹೊಯ್ದವನು ಅವನೇ. ಎಲ್ಲಿಂದಲೋ ಒಂದು ಹಳೇ ಮೋಟಾರು ಹೊತ್ತು ತಂದು, ನೀರು ತುಂಬಿದ ಡ್ರಮ್ಮಿನಲ್ಲಿ ಅದರ ರೆಕ್ಕೆ ಮುಳುಗಿಸಿ ಹಗ್ಗ ಎಳೆದ. ಮೋಟಾರು ಕೆಮ್ಮಿತು, ಉಗುಳಿತು, ಆಮೇಲೆ ಒಗೆದು ಹಾಕಿದ್ದ ಬಟ್ಟೆಗೆಲ್ಲ ಕರಿಹೊಗೆ ಬಳಿಯಿತು. ಭಾವ, ಮೈದುನ ಇಬ್ಬರೂ ಚೊಚ್ಚಲ ಮಗು ಅತ್ತದ್ದನ್ನು ಕೇಳಿದವರಂತೆ ಹಲ್ಲು ಕಿರಿದರು.

ಗಂಡ ದೋಣಿಯ ಹಿಂಬದಿಯಲ್ಲಿ, ತಳದ ಹತ್ತಿರ, ಒಂದು ತೂತು ಕೊರೆದಿದ್ದ. ಅದನ್ನು ಕಂಡ ದಿನ ಟೈಲರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಅಯ್ಯೋ, ಮುಳುಗಿಸೋ ಕಷ್ಟನೂ ಕೆರೆಗೆ ಬೇಡ ಅಂತ ನೀವೇ ಮಾಡ್ತಿದೀರಾ?"

"ಮಳೆನೀರು ನಿಂತ್ರೆ ದಡದಲ್ಲಿ ಬಿಟ್ಟುಬಿಡೋಕೆ ಕಣೇ. ನೀರಿಗಿಳಿಸುವಾಗ ಬಿರಡೆ ತಿರುಪಿ ಮುಚ್ಚೋದು. ಎಲ್ಲಾ ದೋಣಿಗೂ ಇರುತ್ತೆ," ಎಂದು ಗಂಡ ಮುಖ ಊದಿಸಿಕೊಂಡಿದ್ದ. ಅಂಗಡಿಯ ಪ್ಲಾಸ್ಟಿಕ್ ಬಿರಡೆ ಅವನ ದೋಣಿಗೆ ಆಗುತ್ತದೆಯೇ? ತಾನೇ ಚಿತ್ರ ಬರೆದು, ಲೇತಿನವನ ತಲೆ ತಿಂದು, ಹಿತ್ತಾಳೆಯಲ್ಲಿ ಮಾಡಿಸಿಕೊಂಡು ಬಂದ.

ಬಣ್ಣ ಬಳಿಯುವ ಮೊದಲು ಆ ಬಿರಡೆ ಬಿಚ್ಚಿ ಕಿಟಕಿಯಂಚಿಗಿಟ್ಟು, ಬಣ್ಣ ಒಳಗೆ ಇಳಿಯದಂತೆ ತೂತಿಗೆ ಅಂಟುಪಟ್ಟಿ ಹಚ್ಚಿದ. ಅದರ ಮೇಲೇ ಬಣ್ಣ ಹೊಡೆದ. ಒಂದು ಸಲ ಹೊಡೆದರೆ ಸಾಲದೆಂದು ಮೂರು ಸಲ ಹೊಡೆದ. ಬೆಳ್ಳಗೆ, ನುಣ್ಣಗೆ, ಕನ್ನಡಿಯಂತಾಯಿತು ದೋಣಿಯ ಹಿಂಬದಿ. ಎಷ್ಟು ನುಣ್ಣಗೆಂದರೆ ಅಲ್ಲೊಂದು ತೂತಿದೆ ಎನ್ನುವುದು ಕೊರೆದವನಿಗೇ ಮರೆತುಹೋಯಿತು.

ಕೊನೆಗೆ ಉಳಿದದ್ದು ಸೀಟಿನ ಹೊದಿಕೆ. ಅದಕ್ಕೆ ಮಾತ್ರ ಟೈಲರಮ್ಮ ಬೇಕಾದಳು. ಬೈಯುತ್ತಲೇ ಅಳತೆ ತೆಗೆದುಕೊಂಡಳು, ಬೈಯುತ್ತಲೇ ಅಡುಗೆಮನೆಯ ಕಟ್ಟೆಯ ಮೇಲೆ ಬಟ್ಟೆ ಹಾಸಿದಳು. ಅಳತೆಯ ಕಾಗದ ಜಾರದಂತೆ ಮೇಲೆ ಭಾರ ಇಡುವುದು ಅವಳ ಪದ್ಧತಿ. ಅದಕ್ಕೆಂದೇ ಹಳೇ ತೂಕದ ಬಟ್ಟು, ಬೀಗ, ನುಣುಪುಗಲ್ಲು ಕೂಡಿಟ್ಟಿದ್ದಳು. ಆ ಗುಂಪಿಗೆ ಹೊಸದಾಗಿ ಒಂದು ಹಿತ್ತಾಳೆ ತುಂಡೂ ಸೇರಿತ್ತು. ಮುಂದಿನ ಕೋಣೆ ಗುಡಿಸುವಾಗ ದೋಣಿಯ ಕೆಳಗೆ ಸಿಕ್ಕಿದ್ದು. ಆ ಕೋಣೆಯಲ್ಲಿ ಬಿದ್ದಿರುವ ಸಾವಿರ ತುಂಡುಗಳಲ್ಲಿ ಇದೊಂದಾದರೂ ಉಪಯೋಗಕ್ಕೆ ಬಂತಲ್ಲ ಎಂದುಕೊಂಡಿದ್ದಳು.

ಭಾನುವಾರ ಬೆಳಿಗ್ಗೆ ದೋಣಿ ಮನೆಯಿಂದ ಹೊರಟಿತು. ಬಾಗಿಲು ದಾಟುವುದಿಲ್ಲವೆಂದು ಡಂಗುರ ನಾಲ್ಕು ಜನರೊಡನೆ ಪಂದ್ಯ ಕಟ್ಟಿದ್ದ. ಗಂಡ ಬಾಗಿಲನ್ನು ಅಳೆದೇ ಕಟ್ಟಿದವನು. ಮಗ್ಗುಲಾಗಿಸಿದ ದೋಣಿ ಬಣ್ಣಕ್ಕೆ ಗೀರೂ ಬೀಳದೆ ಜಾರಿ ಬೀದಿಗಿಳಿಯಿತು. ಡಂಗುರನ ಮುಖ ನೋಡಿ ಟೈಲರಮ್ಮನಿಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ತಕ್ಷಣ ತನ್ನ ಕೋಣೆಯ ನೆನಪಾಗಿ ಆ ಹೆಮ್ಮೆಯನ್ನು ಒಳಗೇ ಅದುಮಿದಳು.

ಕೆರೆಯ ದಡದಲ್ಲಿ ಅರ್ಧ ಬೀದಿಯೇ ನೆರೆದಿತ್ತು. ಗಂಡ ಪ್ಯಾಂಟನ್ನೂ ಮಡಚಲಿಲ್ಲ, ಬೂಟನ್ನೂ ಬಿಚ್ಚಲಿಲ್ಲ. ದಡದ ಕಲ್ಲಿನಿಂದ ನೇರ ದೋಣಿಗೆ ಕಾಲಿಟ್ಟ. ಎಷ್ಟಾದರೂ ಕಾಲು ನೆನೆಯದೆ ಇಳಿಯಬೇಕಾದವನು! ಹಿಂದೆಯೇ ಹತ್ತಿದ ತಮ್ಮ ಮೋಟಾರಿನ ಹಗ್ಗ ಎಳೆದ. ಮೋಟಾರು ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ದೋಣಿ ದಡ ಬಿಟ್ಟಿತು.

ಓಡಿತು. ಹಾಳಾದ್ದು ಚೆನ್ನಾಗಿಯೇ ಓಡಿತು. ಟೈಲರಮ್ಮನ ಕಣ್ಣ ಮುಂದೆ ಹದಿನಾರು ಅಡಿಯ ದೋಣಿ ಬಂದು ನಿಂತಿತು. ಅದರ ಹಿಂದೆ ಇನ್ನಷ್ಟು ವರ್ಷಗಳ ಈರುಳ್ಳಿ ವಾಸನೆ.

ಕೆರೆಯ ನಡುವೆ ದೋಣಿಯ ಬಾಲ ಯಾಕೋ ತಗ್ಗಿದಂತೆ ಕಂಡಿತು. ತಮ್ಮ ಬಗ್ಗಿ ನೋಡಿದ, ಎದ್ದು ನಿಂತ, ಮತ್ತೆ ಬಗ್ಗಿದ. "ಭಾವಾ! ನೀರು!" ಎಂಬ ಕೂಗು ದಡದವರೆಗೂ ಬಂತು. ಮೋಟಾರನ್ನು ಆರಿಸಿ ಮೇಲಕ್ಕೆತ್ತಿದರು. ತಮ್ಮ ಬಕೆಟ್ಟಿನಿಂದ ನೀರು ಮೊಗೆದು ಚೆಲ್ಲತೊಡಗಿದ, ಗಂಡ ಹುಟ್ಟು ಹಾಕತೊಡಗಿದ. ದಡದಲ್ಲಿ ಡಂಗುರ ಫೋನು ಮೇಲೆತ್ತಿ ಹಿಡಿದು, "ನೋಡ್ರಪ್ಪಾ ನೋಡಿ, ಕನ್ನಡಕದವರ ಹಡಗು ಕೆರೆ ಕುಡೀತಾ ಇದೆ" ಎಂದು ಊರಿಗೆಲ್ಲ ವರದಿ ಒಪ್ಪಿಸಿದ. ಜನ ಬಿದ್ದು ಬಿದ್ದು ನಕ್ಕರು.

ಟೈಲರಮ್ಮನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸುಳ್ಳೇಕೆ ಹೇಳಬೇಕು? ಆ ಗಳಿಗೆಯಲ್ಲೇ ಮನಸ್ಸಿನಲ್ಲಿ ಯಂತ್ರವನ್ನು ಕಿಟಕಿಯ ಪಕ್ಕಕ್ಕೆ ಸರಿಸಿ, ಪರದೆಯ ಬಣ್ಣವನ್ನೂ ಆರಿಸಿ ಮುಗಿಸಿದ್ದಳು.

ದಡ ಮುಟ್ಟುವ ಮೊದಲೇ, ಸೊಂಟದುದ್ದದ ನೀರಿನಲ್ಲಿ, ದೋಣಿ ಭಾರಕ್ಕೆ ತಡೆದು ನಿಂತಿತು. ಗಂಡ ಬೂಟು ಸಮೇತ ನೀರಿಗಿಳಿದ. ನಗುವವರ ಕಡೆ ನೋಡಲಿಲ್ಲ. ನೇರ ಹೆಂಡತಿಯನ್ನು ನೋಡಿ, "ಸೋರ್ತಾ ಇದೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ. ನನಗೆ ಇದು ಬರಲ್ಲ ಅಂತ ಕಾಣುತ್ತೆ. ನಾಳೆ ಕೊಯ್ದು ಹಾಕ್ತೀನಿ, ರೂಮು ನೀನು ತಗೋ" ಎಂದ. ಜಗಳವಿಲ್ಲ, ನೆಪವಿಲ್ಲ. ಕಣ್ಣು ಪರೀಕ್ಷೆಯಲ್ಲಿ ಒಂದಕ್ಷರವೂ ಕಾಣದೆ ಹೋದ ಮುದುಕರ ಮುಖ ಹಾಗಿರುತ್ತದೆ.

ಅವಳು ಬಟ್ಟೆಗಂಟಿಗೆ ಕೈ ಹಾಕಿದಳು. ಸೀಟಿನ ಹೊದಿಕೆಯ ದಾರ ಸಡಿಲಾದರೆ ಬೇಕಾದೀತೆಂದು ಅಡುಗೆಮನೆಯ ಕಟ್ಟೆಯ ಮೇಲಿದ್ದ ಸೂಜಿ, ಕತ್ತರಿ, ಕಾಗದ ಎಲ್ಲವನ್ನೂ ಸುತ್ತಿ ತಂದ ಗಂಟು ಅದು. ಮುಖ ಒರೆಸಿಕೊಳ್ಳಲಿ ಎಂದು ಒಂದು ತುಂಡು ಬಟ್ಟೆ ಎಳೆದಳು. ಅದರೊಡನೆ ಹಿತ್ತಾಳೆ ತುಂಡು ಉರುಳಿ ಅಂಗೈಗೆ ಬಿತ್ತು. ಅದರ ಮೈಮೇಲೆ ತಿರುಪಿನ ಗೆರೆ. ಕುತ್ತಿಗೆಗೆ ರಬ್ಬರಿನ ಬಳೆ.

ಬಿರಡೆ! ಬೆರಳು ತಾವಾಗಿಯೇ ಮುಷ್ಟಿಯಾದವು.

ಯಾರೂ ನೋಡಿರಲಿಲ್ಲ. ಆ ತುಂಡನ್ನು ಗಂಟಿನೊಳಗೆ ಜಾರಿಸಿದರೆ ಕೆಲಸ ಮುಗಿಯಿತು. ನಾಳೆಯಿಂದ ಕೋಣೆ, ಕಿಟಕಿ, ಬೆಳಕು. ಎರಡು ವರ್ಷ ಈರುಳ್ಳಿ ಹೊಗೆ ಕುಡಿದವಳಿಗೆ ಇಷ್ಟಾದರೂ ಬೇಡವೇ? ಅವಳೇನು ಕದ್ದಳೇ? ಕಸದಲ್ಲಿ ಸಿಕ್ಕಿದ್ದು.

"ಎರಡು ವರ್ಷ ಗುದ್ದಾಡಿ ಜರಡಿ ಮಾಡಿದ್ರಲ್ಲ ಸಾರ್!" ಎಂದು ಡಂಗುರ ಕೂಗಿದ. ಗಂಡ ಸುಮ್ಮನೆ ಹುಟ್ಟನ್ನು ನೀರಿನಿಂದ ಎತ್ತಿಕೊಂಡ.

ಅಷ್ಟಾಗಿದ್ದೇ ತಡ, ಟೈಲರಮ್ಮನ ಮೈಯೆಲ್ಲ ಉರಿದುಹೋಯಿತು. ಗಂಟನ್ನು ಕಲ್ಲಿನ ಮೇಲೆ ಕುಕ್ಕಿ, ಸೀರೆ ಎತ್ತಿ ಸಿಕ್ಕಿಸಿ ನೀರಿಗಿಳಿದಳು. ಸೊಂಟ ಮುಳುಗಿತು. ದೋಣಿಯ ಹಿಂದೆ ನಿಂತು, ತಳದ ಹತ್ತಿರ ಕೈಯಾಡಿಸಿದಳು. ಬಣ್ಣ ಹತ್ತಿದ ಅಂಟುಪಟ್ಟಿ ಕಿತ್ತು ನೀರಿನಲ್ಲಿ ಅಲ್ಲಾಡುತ್ತಿತ್ತು. ಅದನ್ನು ಹರಿದೆಸೆದು ಬಿರಡೆಯನ್ನು ಬಿಗಿಯಾಗಿ ತಿರುಪಿದಳು.

"ಲೋ ತಮ್ಮಾ, ಏನು ಬಾಯಿ ಬಿಟ್ಕೊಂಡು ನಿಂತಿದ್ದೀಯಾ? ಮೊಗೀ ನೀರು!" ಎಂದವಳು ದಡದ ಕಡೆ ತಿರುಗಿದಳು. "ಮತ್ತೆ ನೀವು, ಫೋನು ಕೆಳಗಿಳಿಸಬೇಡಿ! ಮುಂದಿನದನ್ನೂ ಸರಿಯಾಗಿ ಹಿಡೀರಿ!"

ತಮ್ಮ ಮೊಗೆದ. ನೀರು ಮತ್ತೆ ಬರಲಿಲ್ಲ. ಗಂಡ ದೋಣಿ ಹತ್ತಿದ. ಮೋಟಾರು ಕೆಮ್ಮಿತು, ಹತ್ತಿಕೊಂಡಿತು. ದೋಣಿ ಕೆರೆಯನ್ನು ಪೂರ್ತಿ ಒಂದು ಸುತ್ತು ಹಾಕಿ ಬಂದು ದಡದ ಕಲ್ಲಿಗೆ ತಾಗಿ ನಿಂತಿತು. ಗಂಡ ಕಲ್ಲಿನ ಮೇಲೆ ಕಾಲಿಟ್ಟ. ಬೂಟಿನಲ್ಲಿದ್ದದ್ದು ಮೊದಲಿನ ನೀರೇ.

"ಒಂದು ಹನಿನೂ ಸೋರಲಿಲ್ಲ ಕಣೇ!" ಎಂದು ಕೂಗಿದವನು, ಹೆಂಡತಿಯ ತೊಯ್ದ ಸೀರೆ ನೋಡಿ ತಡೆದ. "ಬಿರಡೆ ನಿನ್ನ ಹತ್ರ ಹೇಗೆ ಬಂತು?"

"ನಿಮ್ಮ ದೋಣಿ ಕೆಳಗೆ ಬಿದ್ದಿತ್ತು. ಕಾಗದದ ಮೇಲೆ ಭಾರಕ್ಕೆ ಇಟ್ಕೊಂಡಿದ್ದೆ. ಬಿರಡೆ ಅಂತ ಈಗ ಗೊತ್ತಾಯ್ತು."

ಗಂಡ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ಅಂದ್ರೆ, ನೀನು ಸುಮ್ನಿದ್ದಿದ್ರೆ ರೂಮು ನಿಂದಾಗ್ತಿತ್ತು."

"ಪರವಾಗಿಲ್ಲ, ಕಾಣುತ್ತೆ ನಿಮಗೆ."

"ಮತ್ಯಾಕೆ..."

"ನಿಮ್ಮನ್ನ ಬೈಯೋಕೆ ನನ್ನ ಹತ್ರ ನಿಜವಾದ ಕಾರಣಗಳೇ ಮನೆ ತುಂಬ ಬಿದ್ದಿವೆ. ಸುಳ್ಳು ಕಾರಣ ಒಂದನ್ನ ಸೇರಿಸ್ಕೊಳ್ಳೋ ದರಿದ್ರ ಬಂದಿಲ್ಲ."

ಗಂಡ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ. ಅಂಗಿಯೂ ಒದ್ದೆಯಾದ್ದರಿಂದ ಅದು ಇನ್ನಷ್ಟು ಮಸುಕಾಯಿತು.

ಮುಂದಿನ ಭಾನುವಾರ ಟೈಲರಮ್ಮ ದಾರ, ಗುಂಡಿ ಕೊಂಡುಕೊಂಡು ಪೇಟೆಯಿಂದ ಬಂದಾಗ ಅವಳ ಯಂತ್ರ ಮುಂದಿನ ಕೋಣೆಯ ಕಿಟಕಿಯ ಪಕ್ಕದಲ್ಲಿತ್ತು. ಕೋಣೆಯ ನಡುವೆ ಉದ್ದನೆಯ ಹೊಸ ಮೇಜು. ಹದಿನಾರು ಅಡಿಯ ದೋಣಿಯ ತಳಕ್ಕೆಂದು ತರಿಸಿಟ್ಟ ಹಲಗೆಯದೇ ಮೇಜು. ಅಂಚನ್ನು ದಾರವೂ ಸಿಕ್ಕಿಕೊಳ್ಳದಷ್ಟು ನುಣ್ಣಗೆ ಉಜ್ಜಿದ್ದ. ಮೇಲೆ ಅವಳ ಬಟ್ಟು, ಬೀಗ, ಕಲ್ಲುಗಳ ಜೊತೆಗೆ, ಬಿರಡೆಯಂಥದೇ ಇನ್ನೊಂದು ಹಿತ್ತಾಳೆ ತುಂಡು. ತಿರುಪಿನ ಗೆರೆ ಇಲ್ಲದ್ದು, ಅವಳಿಗೆಂದೇ ಮಾಡಿಸಿದ್ದು.

ಪಂದ್ಯ ಗೆದ್ದವನು ಅವನು. ಕೋಣೆ ಸಿಕ್ಕಿದ್ದು ಅವಳಿಗೆ. ಟೈಲರಮ್ಮ ಆ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದಳು. ಎರಡು ವರ್ಷದಲ್ಲಿ ಮೊದಲ ಸಲ ಗಂಡನಿಗೆ ಒಂದು ಒಳ್ಳೆಯ ಮಾತು ಹೇಳೋಣವೆಂದು ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನಿಂದ ಗರಗಸದ ಸದ್ದು ಕೇಳಿಸಿತು.

"ರೀ, ಏನದು? ಎಲ್ಲಿದ್ದೀರಾ?"

"ಇಲ್ಲೇ ಕಣೇ!" ಗಂಡನ ದನಿ ಉತ್ಸಾಹದಿಂದ ಉಕ್ಕುತ್ತಿತ್ತು. "ನಿನ್ನ ಮಿಷಿನ್ ಹೋದ್ಮೇಲೆ ಅಡುಗೆಮನೆ ಖಾಲಿಯಾಯ್ತಲ್ಲ!"